ಎಣ್ಣೆಗಿಂತ ಹಿಂಡಿಯ ಮೇಲೆ ಕಣ್ಣಿಡಿ

ಪ್ರಶ್ನೆ: ನಮ್ಮ ಹೊಲದ ಕಾಲುವೆಗೆ ಕಾರ್ಖಾನೆಯ ನೀರು ಸೇರುತ್ತಿದೆ. ಸೂರ್ಯಕಾಂತಿ, ಸಾಸಿವೆ ಬೆಳೆಯುತ್ತೇವೆ. ಬೆಳೆ ನೋಡೋಕೆ ಚೆನ್ನಾಗಿಯೇ ಇದೆ. ಎಣ್ಣೆಯಲ್ಲಿ ಸೀಸ, ಕ್ಯಾಡ್ಮಿಯಂ ಬರುತ್ತದೆಯೇ? ಹಿಂಡಿಯನ್ನು ಹಸುಗಳಿಗೆ ಹಾಕಬಹುದೇ?

ಉತ್ತರ: ಮೊದಲು ಹಿಂಡಿಯ ಮಾತು. ಜಾಸ್ತಿ ಭಯ ಇರುವುದು ಅಲ್ಲೇ. ಕಾಳಿಗೆ ಸೇರಿದ ಕ್ಯಾಡ್ಮಿಯಂ ಹೆಚ್ಚಾಗಿ ಪ್ರೋಟೀನಿನ ಜೊತೆ ಅಂಟಿಕೊಂಡಿರುತ್ತದೆ, ಎಣ್ಣೆಗೆ ಇಳಿಯುವುದು ಕಡಿಮೆ. ಎಣ್ಣೆ ತೆಗೆದ ಮೇಲೆ ಲೋಹ ಹಿಂಡಿಯಲ್ಲೇ ಉಳಿಯುತ್ತದೆ. ತೂಕ ಮಾತ್ರ ಇಳಿದಿರುತ್ತದೆ. ಹಾಗಾಗಿ ಒಂದು ಕಿಲೋ ಕಾಳಿಗಿಂತ ಒಂದು ಕಿಲೋ ಹಿಂಡಿಯಲ್ಲಿ ಲೋಹ ಜಾಸ್ತಿ. ಹಸುವಿನ ಮೈ ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡ, ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ಕೂರುತ್ತದೆ. ಪರೀಕ್ಷೆ ಮಾಡಿಸದೆ ದಯವಿಟ್ಟು ಹಾಕಬೇಡಿ. ಇಡೀ ಕಾಳನ್ನೇ ತಿನ್ನುವವರಿಗೂ ಇದೇ ಮಾತು.

ಎಣ್ಣೆ ಪೂರ್ತಿ ಸುರಕ್ಷಿತ ಅಂತಲ್ಲ. ಕೋಡೆಕ್ಸ್ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಂದು ಕಿಲೋ ಅಡುಗೆ ಎಣ್ಣೆಯಲ್ಲಿ ಸೀಸ 0.08 ಮಿಲಿಗ್ರಾಂ ದಾಟಬಾರದು. ತಾಮ್ರದ ತೊಂದರೆ ಬೇರೆ ಥರದ್ದು. ಚೂರು ತಾಮ್ರ ಇದ್ದರೂ ಎಣ್ಣೆ ಬೇಗ ಕಮಟುತ್ತದೆ. ಅದಕ್ಕೇ ರಿಫೈನ್ಡ್ ಎಣ್ಣೆಯಲ್ಲಿ ಕಿಲೋಗೆ 0.1 ಮಿಲಿಗ್ರಾಂ ಮಿತಿ ಇಟ್ಟಿದ್ದಾರೆ.

ಬೆಳೆ ಚೆನ್ನಾಗಿದೆ ಅಂತ ಬರೆದಿದ್ದೀರಿ. ನನಗೆ ಚಿಂತೆಯಾದದ್ದು ಅದನ್ನು ಓದಿಯೇ. ಲೋಹ ತೀರಾ ಜಾಸ್ತಿಯಾದರೆ ಎಲೆ ಹಳದಿಯಾಗುತ್ತದೆ, ಕಾಳು ಜೊಳ್ಳಾಗುತ್ತದೆ, ಎಣ್ಣೆ ಅಂಶ ಇಳಿಯುತ್ತದೆ. ಆದರೆ ಗಿಡಕ್ಕೆ ಏನೂ ಆಗದಷ್ಟು ಕ್ಯಾಡ್ಮಿಯಂ ಕೂಡ ತಿನ್ನುವವರಿಗೆ ಅಪಾಯ ತರಬಲ್ಲದು. ಸೀಸ ಬಹುಪಾಲು ಬೇರಿನಲ್ಲೇ ನಿಲ್ಲುತ್ತದೆ, ಕ್ಯಾಡ್ಮಿಯಂ ಮಾತ್ರ ಸಲೀಸಾಗಿ ಮೇಲೇರುತ್ತದೆ. ನೀವು ಬೆಳೆಯುವ ಎರಡೂ ಬೆಳೆಗಳು ಅದನ್ನು ಚೆನ್ನಾಗಿ ಹೀರುವಂಥವೇ. ಕೆಟ್ಟ ಮಣ್ಣನ್ನು ಶುದ್ಧ ಮಾಡಲೆಂದೇ ಸಾಸಿವೆ ಬೆಳೆದು ನೋಡಿದವರಿದ್ದಾರೆ ಅಂದರೆ ಅದರ ಹೀರುವ ಶಕ್ತಿ ಎಷ್ಟಿರಬೇಕು, ಅಲ್ವಾ?

ಮೊದಲು ಆ ನೀರು ಹಾಯಿಸುವುದನ್ನು ನಿಲ್ಲಿಸಿ. ಮಣ್ಣು, ನೀರು, ಕಾಳು ಮೂರನ್ನೂ ಲ್ಯಾಬಿಗೆ ಕೊಡಿ. ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಇದು ಗೊತ್ತಾಗದೇ ಇರಬಹುದು, ಭಾರ ಲೋಹದ ಪರೀಕ್ಷೆ ಬೇಕು ಅಂತ ಬಿಡಿಸಿ ಹೇಳಿ. ಮಣ್ಣು ಹುಳಿಯಿದ್ದಷ್ಟೂ ಗಿಡ ಕ್ಯಾಡ್ಮಿಯಂ ಜಾಸ್ತಿ ಎಳೆದುಕೊಳ್ಳುತ್ತದೆ. ಪಿಎಚ್ ಕಡಿಮೆ ಬಂದರೆ, ಅಂದರೆ ಮಣ್ಣು ಹುಳಿ ಅಂತ ಗೊತ್ತಾದರೆ, ಸುಣ್ಣ ಹಾಕಿ 6.5ರ ಆಸುಪಾಸಿಗೆ ತನ್ನಿ. ಕಾಂಪೋಸ್ಟ್ ಕೂಡ ಲೋಹವನ್ನು ಒಂದಿಷ್ಟು ಹಿಡಿದಿಡುತ್ತದೆ. ನೀರಿನಲ್ಲಿ ಉಪ್ಪಿದ್ದರೆ ಅದೂ ಕೆಟ್ಟದ್ದೇ, ಉಪ್ಪಿನಲ್ಲಿರುವ ಕ್ಲೋರೈಡ್ ಜೊತೆ ಸೇರಿದ ಕ್ಯಾಡ್ಮಿಯಂ ಬೇರಿಗೆ ಸುಲಭವಾಗಿ ಸಿಗುತ್ತದೆ.

ಹಿಂಡಿಯಲ್ಲಿ ಲೋಹ ಇದೆ ಅಂತ ವರದಿ ಬಂದರೆ ಅದನ್ನು ಗೊಬ್ಬರ ಅಂತ ಹೊಲಕ್ಕೂ ಹಾಕಬೇಡಿ. ಗಿಡ ಮೇಲೆತ್ತಿದ ಲೋಹವನ್ನು ವಾಪಸ್ ಮಣ್ಣಿಗೇ ಕೊಟ್ಟಂತಾಗುತ್ತದೆ.