ರಿಪೋರ್ಟ್ ಚೆನ್ನಾಗಿದೆ, ಅಮ್ಮ ಚೆನ್ನಾಗಿಲ್ಲ

ಸಾಗರದಿಂದ ಬರೆದಿರುವ ಓದುಗರಿಗೆ ನಮಸ್ಕಾರ.

ನಾಲ್ಕು ತಿಂಗಳ ಹಿಂದೆ ಕ್ಯಾನ್ಸರ್‌ ಎಂದು ನಿಮ್ಮ ಅಮ್ಮನ ಬಲ ಶ್ವಾಸಕೋಶದ ಮೇಲಿನ ಭಾಗ ತೆಗೆದಿದ್ದಾರೆ. ಸ್ಕ್ಯಾನ್ ಚೆನ್ನಾಗಿ ಬಂದಿದೆ. ಆದರೂ ಮೆಟ್ಟಿಲು ಹತ್ತಿದರೆ ಏದುಸಿರು, ರವಿಕೆ ತಾಗಿದರೆ ಉರಿ. "ಇದೆಲ್ಲ ಅವರ ಭ್ರಮೆ ಅಂತಾರೆ ಮನೆಯವರು, ಹೌದಾ?" ಎಂದು ಕೇಳಿದ್ದೀರಿ.

ಖಂಡಿತ ಅಲ್ಲ. ಆ ಮಾತನ್ನು ಅಮ್ಮನ ಎದುರು ಆಡಲೇಬೇಡಿ.

ಶ್ವಾಸಕೋಶ ಮುಟ್ಟಬೇಕಾದರೆ ಸಾಮಾನ್ಯವಾಗಿ ಪಕ್ಕೆಲುಬುಗಳ ಸಂದಿಯಿಂದ ಹೋಗಬೇಕು. ಪ್ರತಿ ಪಕ್ಕೆಲುಬಿನ ಅಡಿಯಲ್ಲೂ ಒಂದು ನರ ಇದೆ. ಆಪರೇಷನ್‌ನಲ್ಲಿ ಅದಕ್ಕೆ ಪೆಟ್ಟು ಬೀಳಬಹುದು. ಹೊಲಿಗೆ ಒಣಗಿ ತಿಂಗಳುಗಳಾದ ಮೇಲೂ ಕೆಲವರಿಗೆ ಉರಿ, ಜೋಮು ಉಳಿಯುವುದು ಇದರಿಂದಲೇ. ಮಾಮೂಲಿ ನೋವಿನ ಮಾತ್ರೆಗೆ ಇದು ಅಷ್ಟಾಗಿ ಬಗ್ಗುವುದಿಲ್ಲ. ನರದ ನೋವಿಗೆ ಬೇರೆ ಔಷಧಿಗಳಿವೆ. ಹಾಗಾಗಿ ಡಾಕ್ಟರ್ ಹತ್ತಿರ ಬರೀ "ನೋವು" ಅನ್ನಬೇಡಿ. "ಬಟ್ಟೆ ತಾಗಿದರೆ ಉರಿಯುತ್ತೆ, ರಾತ್ರಿ ಆ ಮಗ್ಗುಲಿಗೆ ಮಲಗೋಕಾಗಲ್ಲ" ಎಂದು ಬಿಡಿಸಿ ಹೇಳಿ.

ಇನ್ನು ಉಸಿರಿನ ವಿಷಯ. ಶ್ವಾಸಕೋಶಕ್ಕೆ ಬಲಗಡೆ ಮೂರು, ಎಡಗಡೆ ಎರಡು ಹಾಲೆಗಳು, ಅಂದರೆ ಭಾಗಗಳು. ಒಂದು ಹೋದರೆ ಉಳಿದವು ಹಿಗ್ಗಿ ಆ ಜಾಗ ತುಂಬುತ್ತವೆ. ಆದರೆ ಉಸಿರು ಸುಧಾರಿಸಲು ತಿಂಗಳುಗಳೇ ಬೇಕಾಗಬಹುದು. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಡಾ. ಎವಾರ್ಟ್ಸ್ ಗ್ರಹಾಂ ಒಬ್ಬರ ಎಡ ಶ್ವಾಸಕೋಶವನ್ನು ಪೂರ್ತಿ ತೆಗೆದರು. ಆ ರೋಗಿ ಜೇಮ್ಸ್ ಗಿಲ್ಮೋರ್ ತಾವೇ ಡಾಕ್ಟರ್. ಮತ್ತೆ ಕೆಲಸಕ್ಕೆ ಹೋದರು, ಸುಮಾರು 30 ವರ್ಷ ಬದುಕಿದರು. ನಿಮ್ಮ ಅಮ್ಮನಿಗೆ ಹೋಗಿರುವುದು ಒಂದು ಹಾಲೆ ಮಾತ್ರ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲು ಬೇರೆ: "ಒಂದು ಲೋಟ ಎತ್ತಲೂ ಬಿಡುವುದಿಲ್ಲ, ಕೂರಿಸಿಯೇ ನೋಡಿಕೊಳ್ಳುತ್ತೇವೆ." ಪ್ರೀತಿಯಿಂದಲೇ ಮಾಡ್ತಿದ್ದೀರಿ, ಗೊತ್ತು. ಆದರೆ ಕೂತಷ್ಟೂ ಮೈ ಸೋಲುತ್ತದೆ, ಏದುಸಿರು ಜಾಸ್ತಿಯಾಗುತ್ತದೆ. ಅವರು ನಡೆಯಲಿ. ಇವತ್ತು ಗೇಟಿನವರೆಗೆ, ಮುಂದಿನ ವಾರ ಬೀದಿಯ ಕೊನೆಯವರೆಗೆ. ಮೆಟ್ಟಿಲಲ್ಲಿ ಕಂಬಿ ಹಿಡಿದು, ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುತ್ತಾ ಎರಡು ಮೆಟ್ಟಿಲು ಹತ್ತಲಿ, ನಿಲ್ಲಲಿ, ಮತ್ತೆ ಹತ್ತಲಿ. ಬಲಗೈ ಬಿಗಿದುಕೊಳ್ಳದಿರಲು ತಲೆ ತಾವೇ ಬಾಚಿಕೊಳ್ಳಲಿ, ತಂತಿಯ ಮೇಲೆ ಸಣ್ಣಪುಟ್ಟ ಬಟ್ಟೆ ಹರವಲಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಫಿಸಿಯೋಥೆರಪಿಯವರಿಂದ ಉಸಿರಾಟದ ವ್ಯಾಯಾಮ ಕಲಿಸಲು ನೀವಾಗಿಯೇ ಕೇಳಿ. ಎಷ್ಟೋ ಕಡೆ ಕೇಳದಿದ್ದರೆ ಹೇಳುವುದೇ ಇಲ್ಲ. ಅದು ತಪ್ಪು ಎಂದೇ ನನ್ನ ಅಭಿಪ್ರಾಯ.

ಬಚ್ಚಲ ಒಲೆ ಹೊತ್ತಿಸುವ ಕೆಲಸ ಮಾತ್ರ ಅವರಿಗೆ ಬೇಡ. ಹೊಗೆಯಿಂದ ದೂರ ಇರಲಿ.

ಜ್ವರ, ಕಫದಲ್ಲಿ ರಕ್ತ, ಇದ್ದಕ್ಕಿದ್ದಂತೆ ಹೆಚ್ಚಿದ ಏದುಸಿರು, ಒಂದು ಕಾಲಷ್ಟೇ ಊದುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

– ಸಂಪಾದಕ