ನಿಮ್ಮ ಡುಲೂತ್ ಲೇಖನದಲ್ಲಿ ಊರೇ ಇಲ್ಲ

ನಮಸ್ಕಾರ. ಅಮೆರಿಕದ ಮಿನೆಸೋಟಾದಲ್ಲಿರುವ ಡುಲೂತ್ ಊರಿನಲ್ಲಿ ಗುಂಪು ಕೊಂದ ಮೂವರ ಸ್ಮಾರಕದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ವಿಷಯ ಗಟ್ಟಿಯಾಗಿದೆ.

ಮೊದಲ ಎರಡು ಪುಟ ನಿಮ್ಮ ಕಣ್ಣೀರಿಗೇ ಹೋಗಿದೆ. ಸರೋವರದ ತಣ್ಣನೆ ಗಾಳಿ, ಮೋಡ, ನಡುಗಿದ ಕೈ. ಎಲ್ಲ ತೆಗೆಯಿರಿ. 1920ರ ಜೂನ್ 15ರ ರಾತ್ರಿ ಏನಾಯಿತು ಅಂತ ಓದುಗರಿಗೆ ಗೊತ್ತಾಗುವುದು ಮೂರನೇ ಪುಟದಲ್ಲಿ. ಅದೂ ಹೀಗೆ: 'ಉನ್ಮತ್ತ ಗುಂಪೊಂದು ಮೂವರು ಅಮಾಯಕರನ್ನು ಬಲಿ ತೆಗೆದುಕೊಂಡಿತು.' ಯಾರು ಆ ಮೂವರು? ಇಲಾಯಸ್ ಕ್ಲೇಟನ್, ಎಲ್ಮರ್ ಜಾಕ್ಸನ್, ಐಸಾಕ್ ಮ್ಯಾಕ್‌ಘೀ. ಊರಿಗೆ ಬಂದ ಸರ್ಕಸ್ಸಿನಲ್ಲಿ ಕೆಲಸಕ್ಕಿದ್ದ ಕಪ್ಪು ಯುವಕರು. ಸ್ಮಾರಕ ಇರುವುದೇ ಇವರ ಹೆಸರಿನಲ್ಲಿ, ಲೇಖನದಲ್ಲಿ ಮಾತ್ರ ಹೆಸರಿಲ್ಲ.

ಇನ್ನು ಆ 'ಉನ್ಮತ್ತ ಗುಂಪು'. ಹುಚ್ಚರು ಮಾಡಿದರು ಅಂದುಬಿಟ್ಟರೆ ಊರಿನವರು ಬಚಾವಾದರು, ಅಲ್ವಾ? ಅಂದು ಸೇರಿದ್ದವರು ಐದರಿಂದ ಹತ್ತು ಸಾವಿರ ಜನ ಎನ್ನುವ ಅಂದಾಜಿದೆ. ಊರಿನ ಜನಸಂಖ್ಯೆಯೇ ಸುಮಾರು ಒಂದು ಲಕ್ಷ. ಸರ್ಕಸ್ಸಿನ ಕಪ್ಪು ಕೆಲಸಗಾರರು ಬಿಳಿ ಯುವತಿಯೊಬ್ಬಳ ಮೇಲೆ ಅತ್ಯಾಚಾರ ಮಾಡಿದ್ದಾರೆ ಅಂತ ದೂರು. ಪರೀಕ್ಷೆ ಮಾಡಿದ ಡಾಕ್ಟರಿಗೆ ಪುರಾವೆ ಸಿಗಲಿಲ್ಲ. ಬಂದೂಕು ಬಳಸಬೇಡಿ ಅಂತ ಪೊಲೀಸರಿಗೆ ಆದೇಶ ಬಂತು. ಇವರನ್ನು ಹಿಡಿದಿಟ್ಟಿದ್ದ ಠಾಣೆಗೆ ಜನ ನುಗ್ಗಿದರು, ಹೆಸರಿಗೊಂದು ವಿಚಾರಣೆಯನ್ನೂ ನಡೆಸಿದರು. ಆಮೇಲೆ ಆ ಮೂವರನ್ನು ಬೀದಿ ದೀಪದ ಕಂಬಕ್ಕೆ ನೇತುಹಾಕಿದರು. ಹೆಣಗಳ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಅದು ಪೋಸ್ಟ್‌ಕಾರ್ಡ್ ಆಗಿ ಮಾರಾಟವೂ ಆಯಿತು. ಹುಚ್ಚು ಹಿಡಿದವರು ಕ್ಯಾಮೆರಾ ಮುಂದೆ ಹೀಗೆ ಸಾಲಾಗಿ ನಿಲ್ಲುತ್ತಾರಾ?

ನೀವು ಪೂರ್ತಿ ಬಿಟ್ಟಿರುವುದು ಆಮೇಲಿನ ಕಥೆ. ಕೊಲೆಗೆ ಅಂತ ಯಾರಿಗೂ ಶಿಕ್ಷೆ ಆಗಲಿಲ್ಲ. ದೊಂಬಿ ಕೇಸಿನಲ್ಲಿ ಮೂವರು ಜೈಲಿಗೆ ಹೋದರು, ಹದಿನೈದು ತಿಂಗಳೂ ತುಂಬುವ ಮೊದಲೇ ಹೊರಗೆ ಬಂದರು. ಅದೇ ಅತ್ಯಾಚಾರದ ದೂರಿನ ಮೇಲೆ ಮ್ಯಾಕ್ಸ್ ಮೇಸನ್ ಎಂಬ ಕಪ್ಪು ಕೆಲಸಗಾರರು ನಾಲ್ಕು ವರ್ಷ ಜೈಲಿನಲ್ಲಿ ಕಳೆದರು. ಅವರಿಗೆ ರಾಜ್ಯ ಕ್ಷಮಾದಾನ ಕೊಟ್ಟಿದ್ದು 2020ರಲ್ಲಿ, ಅವರು ತೀರಿಕೊಂಡು ಎಷ್ಟೋ ಕಾಲವಾದ ಮೇಲೆ. ಕೊಲೆಯಾದ ಮೂವರ ಸಮಾಧಿಗೆ ಹೆಸರಿನ ಕಲ್ಲು ಬಂದಿದ್ದು 1991ರಲ್ಲಿ. ನೀವು ನೋಡಿದ ಸ್ಮಾರಕ 2003ರದ್ದು. ಅಲ್ಲಿಯವರೆಗೆ ಊರು ಏನು ಮಾಡುತ್ತಿತ್ತು? ಅಜ್ಜ ಆ ರಾತ್ರಿ ಎಲ್ಲಿದ್ದ ಅಂತ ಮೊಮ್ಮಕ್ಕಳು ಕೇಳಿದರಾ? ಮುಚ್ಚಿಟ್ಟಿದ್ದನ್ನು ಮತ್ತೆ ಎತ್ತಿದವರು ಯಾರು, ಬೇಡ ಅಂದವರು ಯಾರು? ನೀವು ಅಲ್ಲೇ ಹತ್ತಿರ ಇದ್ದೀರಿ. ಲೈಬ್ರರಿಯಲ್ಲಿ ಹಳೇ ಪತ್ರಿಕೆ ತೆಗೆಸಿ. ಹಿರಿಯರನ್ನು, ಸ್ಮಾರಕಕ್ಕೆ ಓಡಾಡಿದವರನ್ನು ಮಾತಾಡಿಸಿ. ನನಗೆ ಬೇಕಾಗಿರುವ ಲೇಖನ ಅದು.

'ಮಾನವೀಯತೆ ಗೆಲ್ಲಲಿ' ಎನ್ನುವ ಕೊನೆಯ ಪ್ಯಾರಾ ಬೇಡ. ಜೊತೆಗೆ ಕಳಿಸಿದ ಆ ಪೋಸ್ಟ್‌ಕಾರ್ಡ್ ಚಿತ್ರವನ್ನೂ ನಾವು ಹಾಕುವುದಿಲ್ಲ. ಸತ್ತವರನ್ನು ತೋರಿಸಿ ಕಾಸು ಮಾಡಲು ಅಚ್ಚಾದದ್ದು ಅದು. ಸ್ಮಾರಕದ್ದೇ ಒಂದು ಒಳ್ಳೆ ಫೋಟೊ ಕಳಿಸಿ. ಲೇಖನ ಒಂದೂವರೆ ಸಾವಿರ ಪದದೊಳಗೆ ಇರಲಿ. ಅವಸರ ಏನೂ ಇಲ್ಲ.

— ಸಂಪಾದಕ