ಏರಿಳಿತದ ಭಾಷೆಗಳ ಹಾಡು: ನಿಮ್ಮ ಲೇಖನವನ್ನು ಮರಳಿಸುತ್ತ

ಪ್ರಿಯ ಲೇಖಕರೇ,

ದನಿ ಏರಿಳಿದರೆ ಪದದ ಅರ್ಥವೇ ಬದಲಾಗುವ ಭಾಷೆಗಳಲ್ಲಿ ಹಾಡುವುದು ಹೇಗೆ ಎಂಬ ನಿಮ್ಮ ಲೇಖನ ಓದಿದೆ. ಪ್ರಶ್ನೆ ನನಗೆ ತುಂಬ ಹಿಡಿಸಿತು. ಆದರೆ ಈಗಿರುವ ರೂಪದಲ್ಲಿ ಇದನ್ನು ನಮ್ಮ ಮಾಸಿಕದಲ್ಲಿ ಪ್ರಕಟಿಸಲಾರೆ.

‘ಚೀನೀಯರು ಹಾಡಿದರೆ ರಾಗ ಅರ್ಥವನ್ನು ನುಂಗಿಬಿಡುತ್ತದೆ’ ಎಂದು ಮೊದಲ ಪುಟದಲ್ಲೇ ತೀರ್ಪು ಕೊಟ್ಟಿದ್ದೀರಿ. ಪ್ರತಿ ಪದಕ್ಕೂ ನಿಗದಿಯಾದ ಒಂದು ಸ್ವರಸ್ಥಾನ ಇರುತ್ತದೆಂದು ನೀವು ಭಾವಿಸಿದಂತಿದೆ. ಹಾಗಿಲ್ಲ. ಪಕ್ಕದ ಅಕ್ಷರಕ್ಕಿಂತ ದನಿ ಮೇಲಿದೆಯೋ ಕೆಳಗಿದೆಯೋ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಲೆಕ್ಕಕ್ಕೆ ಬರುವುದು. ಗಂಡು ಶ್ರುತಿಯಲ್ಲಿ ಹಾಡಿದರೂ ಹೆಣ್ಣು ಶ್ರುತಿಯಲ್ಲಿ ಹಾಡಿದರೂ ಕಲ್ಯಾಣಿ ಕಲ್ಯಾಣಿಯೇ ಅಲ್ಲವೇ?

ಚೀನೀಯರೆಲ್ಲ ಒಂದೇ ರೀತಿ ಹಾಡುವುದೂ ಇಲ್ಲ. ಚೀನಾದ ಅಧಿಕೃತ ಭಾಷೆ ಮ್ಯಾಂಡರಿನ್‌ನ ಇಂದಿನ ಜನಪ್ರಿಯ ಗೀತೆಗಳು ಪದಗಳ ಏರಿಳಿತವನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತವೆ. ಕೇಳುಗರು ಸಂದರ್ಭದಿಂದ ಅರ್ಥ ಹಿಡಿಯುತ್ತಾರೆ. ಹಾಂಗ್‌ಕಾಂಗ್‌ನ ಚೀನೀ ನುಡಿ ಕ್ಯಾಂಟೊನೀಸ್‌ನಲ್ಲಿ ಈ ಸಡಿಲಿಕೆ ಇಲ್ಲ. ಅದರಲ್ಲಿ ಪದದ ಅರ್ಥ ಬದಲಿಸುವ ಆರು ದನಿಗಳಲ್ಲಿ ಮೂರು ಏರದೆ ಇಳಿಯದೆ ಬೇರೆ ಬೇರೆ ಎತ್ತರದಲ್ಲಿ ನಿಲ್ಲುವಂಥವು. ಅಲ್ಲಿ ಸಾಮಾನ್ಯವಾಗಿ ಮಟ್ಟು ಮೊದಲು ಸಿದ್ಧವಾಗುತ್ತದೆ. ಅದರ ನಡೆಗೆ ಹೊಂದುವ ಪದಗಳನ್ನು ಗೀತರಚನೆಕಾರರು ಹುಡುಕಿ ಕೂರಿಸುತ್ತಾರೆ. ಮಟ್ಟು ಏರುವಲ್ಲಿ ಪದ ಇಳಿಯಬೇಕಿದ್ದರೆ ಕೇಳುಗರ ಕಿವಿಗೆ ಬೇರೆಯೇ ಪದ ಬೀಳುತ್ತದೆ. ಗಾಂಧಿನಗರದ ಚಿತ್ರಸಾಹಿತಿಗಳೂ ಸಿದ್ಧ ಟ್ಯೂನಿಗೆ ಬರೆಯುವವರೇ. ಆದರೆ ಅವರು ಕಾಯಬೇಕಾದ್ದು ಮಾತ್ರೆಯನ್ನು, ‘ಬಳೆ’ ಎಳೆದು ‘ಬಾಳೆ’ಯಾಗದಂತೆ. ಹಾಂಗ್‌ಕಾಂಗ್‌ನವರಿಗೆ ದನಿಯ ದಿಕ್ಕನ್ನೂ ಕಾಯುವ ಕೆಲಸವಿದೆ. ಬೆಂಗಳೂರಿನಲ್ಲಿ ಕುಳಿತು ಬರೆಯುವ ನಿಮಗೆ ಈ ಹೋಲಿಕೆ ಹೊಳೆಯಬೇಕಿತ್ತು.

ವಿಯೆಟ್ನಾಮನ್ನು ಒಂದೇ ವಾಕ್ಯದಲ್ಲಿ ದಾಟಿದ್ದೀರಿ. ಅಲ್ಲಿನ ಕೆಲವು ಏರಿಳಿತಗಳು ಗಂಟಲು ಬಿಗಿದು ಹೊರಡುತ್ತವೆ. ಅರ್ಥ ಬರೀ ದನಿಯ ಎತ್ತರದಲ್ಲಿ ಅಡಗಿಲ್ಲ. ಗಾಯಕರು ಸ್ವರ ಹಿಡಿಯುವ ಮೊದಲು ಸಣ್ಣದೊಂದು ಜಾರು ಕೊಟ್ಟು ಪದವನ್ನು ಉಳಿಸಿಕೊಳ್ಳುತ್ತಾರೆ. ಗಮಕ ಕೇಳಿ ಬೆಳೆದ ನಮ್ಮ ಓದುಗರಿಗೆ ಇದನ್ನು ವಿವರಿಸದೆ ಬಿಟ್ಟದ್ದು ನನಗೆ ಬೇಸರ ತಂದಿತು.

ರಾಗ ಅರ್ಥ ಕೆಡಿಸಿದ ನಿಜವಾದ ಉದಾಹರಣೆ ಬೇಕಿದ್ದರೆ ನೈಜೀರಿಯಾದ ಯೊರುಬಾ ಭಾಷೆಯನ್ನು ನೋಡಿ. 19ನೇ ಶತಮಾನದಲ್ಲಿ ಇಂಗ್ಲಿಷ್ ಸ್ತುತಿಗೀತೆಗಳು ಅನುವಾದವಾಗಿ, ಮೂಲದ ಯುರೋಪಿನ ಮಟ್ಟುಗಳಲ್ಲೇ ಅಲ್ಲಿನ ಚರ್ಚುಗಳನ್ನು ಸೇರಿದವು. ಪದಗಳ ಏರಿಳಿತ ತಿರುಚಿ ಅರ್ಥ ಕದಡಿತು. ಮುಂದೆ ಯೊರುಬಾ ಸಂಯೋಜಕರೇ ತಮ್ಮ ನುಡಿಯ ನಡೆಗೆ ಒಪ್ಪುವ ಮಟ್ಟುಗಳನ್ನು ಕಟ್ಟಿದರು.

ಇವೆಲ್ಲ ‘ದೂರದೇಶದ ಭಾಷೆಗಳು’ ಎಂಬ ಮಾತನ್ನು ದಯವಿಟ್ಟು ಹೊಡೆದುಹಾಕಿ. ಪಂಜಾಬಿ, ಮಣಿಪುರಿ, ಮಿಜೊ ಇದೇ ಗುಂಪಿನವು. ಇವು ಮನೆಮಾತಾಗಿರುವವರು ನಿಮ್ಮ ನಗರದಲ್ಲೇ ಇದ್ದಾರೆ. ನಮ್ಮ ಕಿವಿಗೆ ‘ಕೋಡಾ’ ಎಂಬಂತೆ ಕೇಳುವ ಪಂಜಾಬಿ ಪದ ತಗ್ಗಿದ ದನಿಯಲ್ಲಿ ಕುದುರೆ, ಸಮದನಿಯಲ್ಲಿ ಚಾಟಿ. ಹಲಸೂರು ಕೆರೆಯ ಬಳಿಯ ಗುರುದ್ವಾರಕ್ಕೆ ಹೋಗಿ, ಪಂಜಾಬಿ ಬಲ್ಲವರಿಂದ ಇವೆರಡನ್ನೂ ಮೊದಲು ಮಾತಿನಲ್ಲಿ, ಆಮೇಲೆ ಹಾಡಿನ ಸಾಲಿನಲ್ಲಿ ಹೇಳಿಸಿ ಕೇಳಿ. ಕಿವಿಗೆ ಬಿದ್ದಷ್ಟನ್ನೇ ಬರೆಯಿರಿ.

ತಾಯಿ, ಸೆಣಬು, ಕುದುರೆ, ಬೈಗುಳ ಎಂದು ದನಿ ಬದಲಾದಂತೆ ನಾಲ್ಕು ಅರ್ಥ ಕೊಡುವ ಮ್ಯಾಂಡರಿನ್‌ನ ‘ಮಾ’ ಸವೆದುಹೋದ ಉದಾಹರಣೆ, ಕೈಬಿಡಿ. ಭಾಷೆಗಳ ಪಟ್ಟಿಯೂ ಬೇಡ. ಕ್ಯಾಂಟೊನೀಸ್, ಪಂಜಾಬಿ ಎರಡೇ ಸಾಕು. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ, ನಾನೇ ಓದುತ್ತೇನೆ.

ಇಂತು,
ಸಂಪಾದಕ